ದೇವಸ್ಥಾನವಿಲ್ಲದ ಬೆಟ್ಟ

ನನ್ನ ಗಂಡ ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ. ಹಬ್ಬಕ್ಕೆ ಹೊಸ ಶರಟು ತರಲೇ ಎಂದರೆ ಇರೋದೇ ಇದೆಯಲ್ಲ ಎನ್ನುತ್ತಿದ್ದರು. ಅಂಥವರು ಒಂದು ಸಲ, ನೈರೋಬಿಯ ಲ್ಯಾವಿಂಗ್ಟನ್ನಿನ ಹಲ್ಲಿನ ಡಾಕ್ಟರ ಬಳಿ ಸರದಿಗಾಗಿ ಕಾಯುತ್ತಿದ್ದಾಗ, ಅಲ್ಲಿ ಬಿದ್ದಿದ್ದ ಹಳೆಯ ಪತ್ರಿಕೆಯಲ್ಲಿ ಇಟಲಿಯ ಬೆಟ್ಟದ ಊರೊಂದರ ಚಿತ್ರ ನೋಡಿ, "ಇಂಥ ಕಡೆ ಹೋಗಿ ಸುಮ್ಮನೆ ಕೂತಿರಬೇಕು ನೋಡು" ಎಂದರು. ದವಡೆ ಊದಿಕೊಂಡಿತ್ತು, ಅಷ್ಟು ಹೇಳುವುದಕ್ಕೂ ಕಷ್ಟಪಟ್ಟರು. ಆಮೇಲೆ ಒಳಗೆ ಕರೆದರು, ಹಲ್ಲು ಕಿತ್ತರು, ಮನೆಗೆ ಬಂದು ಗಂಜಿ ಕುಡಿದು ಮಲಗಿದರು. ಇಟಲಿಯ ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ತಪ್ಪು ನನ್ನದೇ. ಆ ವರ್ಷ ಗಣೇಶನ ಹಬ್ಬದ ಊಟದಲ್ಲಿ ನೈರೋಬಿಯ ನಮ್ಮ ಕನ್ನಡದ ಮನೆಗಳವರು ಮುಂದಿನ ರಜೆಗೆ ಎಲ್ಲಿಗೆ ಹೋಗುವುದೆಂದು ಚರ್ಚೆಗೆ ಕೂತರು. ಯಾರೋ ಇಟಲಿ ಎಂದರು. ನಾನು ಹಲ್ಲಿನ ಡಾಕ್ಟರ ಕತೆಯನ್ನು ತಮಾಷೆಗೆ ಹೇಳಿದೆ. ಎಲ್ಲರೂ ನಕ್ಕರು, ಇವರೂ ನಕ್ಕರು. ಮುಂದಿನ ತಿಂಗಳು ಇವರ ಹೃದಯ ನಿಂತಿತು. ಹದಿಮೂರನೆಯ ದಿನ ಮುಗಿಯುವಷ್ಟರಲ್ಲಿ ಆ ತಮಾಷೆ 'ಅವರ ಕೊನೆಯ ಆಸೆ' ಆಗಿತ್ತು.

ಅವರ ನಿಜವಾದ ಕೊನೆಯ ಆಸೆ ನನಗೆ ಗೊತ್ತಿದೆ. ಆಸ್ಪತ್ರೆಯ ಕೋಣೆಯ ಟಿ.ವಿ.ಯಲ್ಲಿ ಫುಟ್‌ಬಾಲ್ ಬರುತ್ತಿತ್ತು. "ಸೌಂಡ್ ಸ್ವಲ್ಪ ಕಮ್ಮಿ ಮಾಡು" ಎಂದರು. ಮಾಡಿದೆ. ಇದನ್ನು ಯಾರಿಗೂ ಹೇಳಲಿಲ್ಲ. ಇಟಲಿಯ ಮುಂದೆ ಅದು ಬಹಳ ಸಣ್ಣದಾಗಿ ಕಾಣುತ್ತಿತ್ತು.

ನಾನು ಪಿಯುಸಿವರೆಗೆ ಓದಿದವಳು. ಕಿಲೆಲೆಶ್ವಾದ ಒಂದು ಸಣ್ಣ ಶಿಶುವಿಹಾರದಲ್ಲಿ ಮಕ್ಕಳಿಗೆ ಬಣ್ಣ ತುಂಬಿಸುವುದು, ಮೂಗು ಒರೆಸುವುದು ನನ್ನ ಕೆಲಸ. ಇವರು ಮೊಬೈಲ್ ಕಂಪನಿಯ ಟವರುಗಳ ಉಸ್ತುವಾರಿಯಲ್ಲಿದ್ದರು. ಇವರು ಹೋದ ಮೇಲೆ, ಮಗಳ ದೊಡ್ಡ ಪರೀಕ್ಷೆ ಮುಂದಿನ ವರ್ಷವಿದ್ದುದರಿಂದ, ಅದು ಮುಗಿಯುವವರೆಗೆ ಇಲ್ಲೇ ಇರುವುದೆಂದು ತೀರ್ಮಾನಿಸಿದ್ದೆವು. ತೀರ್ಮಾನಿಸಿದ್ದೆವು ಎನ್ನುವುದಕ್ಕಿಂತ, ಸುತ್ತಲಿನವರು ತೀರ್ಮಾನಿಸಿದರು ಎನ್ನಬೇಕು. ನಮ್ಮ ಮನೆಯ ಎರಡು ಮಹಡಿ ಮೇಲೆ ಬೆಂಗಳೂರಿನಿಂದ ಬಂದ ಬ್ಯಾಂಕಿನ ಅಧಿಕಾರಿಯೊಬ್ಬರಿದ್ದರು. ನೈರೋಬಿಯಲ್ಲಿ ಕನ್ನಡ ಮಾತಾಡುವ ಯಾರ ಮನೆಯಲ್ಲಿ ಏನೇ ನಡೆದರೂ ಅದರ ವ್ಯವಸ್ಥೆ ಅವರದು. ನಾಮಕರಣವಾಗಲಿ, ನೀರಿನ ಟ್ಯಾಂಕರಾಗಲಿ, ಸಾವಾಗಲಿ, ಅವರು ಮೊದಲು ಒಂದು ವಾಟ್ಸಾಪ್ ಗುಂಪು ಮಾಡುತ್ತಿದ್ದರು. ನಮ್ಮ ಮನೆಯ ಸಾವಿಗೆ ಮಾಡಿದ ಗುಂಪಿನ ಹೆಸರು 'ನಿಮ್ಮೊಂದಿಗೆ ನಾವು'.

ಅವರು ನಿಜವಾಗಿಯೂ ನಮ್ಮೊಂದಿಗೆ ಇದ್ದರು. ಅದೇ ಕಷ್ಟವಾದದ್ದು. ಸೋಮವಾರ ಒಂದು ಮನೆಯ ಬಿಸಿಬೇಳೆ ಬಾತು, ಮಂಗಳವಾರ ಇನ್ನೊಂದು ಮನೆಯ ಚಪಾತಿ, ಹೀಗೆ ವಾರಕ್ಕೆಲ್ಲ ಸರದಿ. ತಂದವರು ಇಟ್ಟು ಹೋಗುತ್ತಿರಲಿಲ್ಲ. ಕೂರುತ್ತಿದ್ದರು. ನಾನು ತಿನ್ನುವುದನ್ನು ನೋಡುತ್ತಿದ್ದರು. ಗೋಡೆಯ ಮೇಲಿದ್ದ ಇವರ ಫೋಟೋ ನೋಡಿದರೆ ನನಗೆ ದುಃಖವಾಗುತ್ತದೆಂದು ಬ್ಯಾಂಕಿನವರ ಹೆಂಡತಿ ಅದನ್ನು ತೆಗೆದು ಬೀರುವಿನ ಮೇಲಿಟ್ಟರು. ನನ್ನ ಕಣ್ಣು ಒದ್ದೆಯಾದರೆ ಸಾಕು, "ಅಕ್ಕಾ, ಮಗಳ ಮುಖ ನೋಡಿ ಧೈರ್ಯ ತಂದ್ಕೊಳ್ಳಿ" ಎನ್ನುತ್ತಿದ್ದರು. ಮಗಳಿಗೆ ಬೇರೆಯಾಗಿ, "ಅಮ್ಮನ ಮುಂದೆ ಅಳಬೇಡ ಪುಟ್ಟಾ" ಎಂದು ಹೇಳಿದ್ದರಂತೆ. ಹೀಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿಂಗಳುಗಟ್ಟಲೆ ಧೈರ್ಯವಾಗಿದ್ದೆವು. ರಾತ್ರಿ ಮಲಗುವುದಕ್ಕೂ ಯಾರಾದರೊಬ್ಬರು ಬರುತ್ತಿದ್ದರು.

ಹೀಗಾಗಿ ನಾನು ಅತ್ತಿರಲೇ ಇಲ್ಲ. ಇದನ್ನು ಹೇಳಿದರೆ ನಂಬುವುದು ಕಷ್ಟ. ಸಾವಿನ ಮನೆಯಲ್ಲಿ ಎಲ್ಲರಿಗೂ ಅಳು ಬಂತು, ನನ್ನ ಪಾಳಿ ಮಾತ್ರ ಬರಲಿಲ್ಲ. ನನಗೆ ಬೇಕಾಗಿದ್ದುದು ಒಂದೇ. ಯಾರೂ ನೋಡದ ಕಡೆ, ಯಾರೂ ಸಮಾಧಾನ ಹೇಳದ ಕಡೆ, ಒಂದಷ್ಟು ಹೊತ್ತು ಒಬ್ಬಳೇ ಕೂತು ನನ್ನ ಗಂಡನಿಗಾಗಿ ಅಳುವುದು. ಅದಕ್ಕೇ ಇಟಲಿಗೆ ಬರುವುದಿಲ್ಲ ಎನ್ನಲಿಲ್ಲ. ಸುಮ್ಮನೆ ಕೂತಿರಬೇಕು ಎಂದು ಇವರು ಹೇಳಿದ್ದ ಜಾಗವಲ್ಲವೇ? ಅಲ್ಲಾದರೂ ಬಿಟ್ಟಾರು ಎಂದುಕೊಂಡೆ.

ಆಗಸ್ಟಿನಲ್ಲಿ ಹೊರಡುವುದೆಂದಾಯಿತು. ಅದು ಕೀನ್ಯಾದ ಚುನಾವಣೆಯ ಆಗಸ್ಟು. ಅಂಥ ವರ್ಷ ನಮ್ಮವರು ಎರಡು ಕೆಲಸ ಮಾಡುತ್ತಾರೆ. ಗೋಧಿ ಹಿಟ್ಟು, ಅಕ್ಕಿ, ಮೇಣದಬತ್ತಿ ತುಂಬಿಟ್ಟುಕೊಳ್ಳುತ್ತಾರೆ. ಆಮೇಲೆ ಅದನ್ನೆಲ್ಲ ಬೀಗ ಹಾಕಿ ವಿದೇಶಕ್ಕೆ ಹೋಗುತ್ತಾರೆ. ಊರಿನ ಒಂದು ಗೋಡೆಯೂ ಬಿಡದೆ ಅಭ್ಯರ್ಥಿಗಳ ಮುಖ ಅಂಟಿಸಿದ್ದರು. ನಮ್ಮ ಕಾಂಪೌಂಡಿನ ಕಾವಲಿನ ಅಸ್ಕಾರಿ ತನ್ನ ಕುರ್ಚಿಯ ಬೆನ್ನಿಗೂ ಒಬ್ಬನನ್ನು ಅಂಟಿಸಿಕೊಂಡಿದ್ದ. "ನಾವು ಹೋಗೋದು ಚುನಾವಣೆಗೆ ಹೆದರಿ ಅಲ್ಲ" ಎಂದು ಬ್ಯಾಂಕಿನವರು ಎಲ್ಲರಿಗೂ ಹೇಳುತ್ತಿದ್ದರು. ನನಗೆ ಹೇಳಿದ್ದು ಹೀಗೆ: "ಮೇಡಂ, ಇದು ಟ್ರಿಪ್ ಅಲ್ಲ. ಟ್ರಿಬ್ಯೂಟ್."

ಟಿಕೆಟ್ ತೆಗೆಯುವ ಹಿಂದಿನ ಸಂಜೆ ಅವರ ಮನೆಯಲ್ಲಿ ಸಭೆ. ಜುಲೈ ತಿಂಗಳ ಚಳಿ, ಎಲ್ಲರೂ ಸ್ವೆಟರಿನಲ್ಲಿದ್ದರು. ಕಾಫಿ ಬಂತು, ಬೋಂಡಾ ಬಂತು. ಆಗ ಅವರ ಹೆಂಡತಿ ಕೆನ್ನೆಗೆ ಕೈಯಿಟ್ಟು, "ಅಯ್ಯೋ, ಒಂದು ಮರೆತೇ ಹೋಗಿದೆಯಲ್ರೀ. ಅಕ್ಕನಿಗೆ ವರ್ಷ ತುಂಬಿಲ್ಲ. ವರ್ಷದೊಳಗೆ ಬೆಟ್ಟ ಹತ್ತಬಾರದಲ್ವಾ?" ಎಂದರು.

ನಮ್ಮ ಕಡೆ ಅದೊಂದು ಪದ್ಧತಿ. ಮನೆಯಲ್ಲಿ ಸಾವಾದರೆ ವರ್ಷಾಂತಿಕ ಮುಗಿಯುವವರೆಗೆ ಬೆಟ್ಟದ ದೇವರಿಗೆ ಹೋಗುವಂತಿಲ್ಲ. ಯಾಕೆಂದು ನಮ್ಮತ್ತೆಯನ್ನು ಒಮ್ಮೆ ಕೇಳಿದ್ದಕ್ಕೆ, "ಹೋಗಬಾರದು ಅಂದ್ರೆ ಹೋಗಬಾರದು" ಎಂದಿದ್ದರು. ಆ ವಿವರಣೆ ನನಗೆ ಅಂದಿನಿಂದ ಸಾಕಾಗಿತ್ತು. ಈ ಸಭೆಗೆ ಸಾಕಾಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನ ಎಂಜಿನಿಯರುಗಳು.

ಕೂಡಲೇ ಮೈಸೂರಿನ ಪುರೋಹಿತರಿಗೆ ಫೋನ್ ಹಾಕಿ ಸ್ಪೀಕರಿನಲ್ಲಿಟ್ಟರು.

"ಯಾವ ಬೆಟ್ಟ?" ಎಂದರು ಪುರೋಹಿತರು. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಇಟಲಿಯಲ್ಲಿದೆ ಸ್ವಾಮಿ."

"ಮೇಲೆ ದೇವಸ್ಥಾನ ಇದೆಯೋ?"

"ಇಲ್ಲ ಸ್ವಾಮಿ. ಹಳೇ ಊರು. ಹಿಸ್ಟಾರಿಕಲ್."

"ಹಾಗಿದ್ದರೆ ಯೋಚನೆ ಬೇಡ. ದೇವಸ್ಥಾನ ಇಲ್ಲದ ಬೆಟ್ಟ ಬರೀ ಎತ್ತರ. ಎತ್ತರಕ್ಕೆ ದೋಷ ಇಲ್ಲ. ಈಗ ಜನ ಹನ್ನೆರಡನೇ ಮಹಡೀಲಿ ಸೂತಕ ಆಚರಿಸ್ತಾ ಇಲ್ಲವೇ?"

"ಸಮುದ್ರ ದಾಟೋದು ಸ್ವಾಮಿ?"

"ನೀವು ಆಗಲೇ ದಾಟಿಯಾಗಿದೆಯಲ್ಲಪ್ಪ. ಇನ್ನು ಎಷ್ಟು ದಾಟಿದರೂ ಅಷ್ಟೇ."

ಬ್ಯಾಂಕಿನವರಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಫೋನಿನಲ್ಲಿ ಏನೋ ಹುಡುಕಿ, ಎದ್ದು ನಿಂತೇ ಹೇಳಿದರು. "ಕೇಳಿ ಇಲ್ಲಿ! ನೈರೋಬಿ ಇರೋದು ಐದೂವರೆ ಸಾವಿರ ಅಡಿ ಮೇಲೆ. ಆ ಊರು ಬರೀ ಮೂರು ಸಾವಿರ ಚಿಲ್ಲರೆ. ಅಂದ್ರೆ ಮೇಡಂ ಬೆಟ್ಟ ಹತ್ತೋದೇ ಇಲ್ಲ. ಇಳೀತಾರೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಕೂತಿದ್ದ ಮಂಗಳೂರಿನ ಬಾಯಮ್ಮ ಮಾತ್ರ ಬೋಂಡಾ ಮುರಿಯುತ್ತಾ, "ಹಾಗಾದ್ರೆ ಇವರು ಇಷ್ಟು ತಿಂಗಳಿಂದ ಬೆಟ್ಟದ ಮೇಲೆಯೇ ಕೂತಿದ್ದಾರಲ್ಲ ಮಾರಾಯ್ರೆ. ಅದಕ್ಕೆ ಎಂತ ಪ್ರಾಯಶ್ಚಿತ್ತ?" ಎಂದರು.

"ನೀವೊಂದು ಸುಮ್ನಿರಿ ಬಾಯಮ್ಮ" ಎಂದರು ಬ್ಯಾಂಕಿನವರು.

ಬಾಯಮ್ಮ ಕ್ರೈಸ್ತರು, ಮನೆಯಲ್ಲಿ ಕೊಂಕಣಿ. ಮುಥೈಗಾದ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಊಟದ ಸರದಿಯಲ್ಲಿ ಅವರದು ಶುಕ್ರವಾರ. ಅವರೊಬ್ಬರೇ ಡಬ್ಬಿಯನ್ನು ಬಾಗಿಲಲ್ಲಿ ಕೊಟ್ಟು ಹೋಗುತ್ತಿದ್ದವರು. ಅದಕ್ಕಾಗಿ ಉಳಿದವರಿಗೆ ಅವರ ಮೇಲೆ ಸಣ್ಣ ಅಸಮಾಧಾನವೂ ಇತ್ತು.

ಒಂದು ವ್ಯಾನಿನಷ್ಟು ಜನ ಹೋದೆವು. ರೋಮಿನಿಂದ ವ್ಯಾನು ಬೆಟ್ಟದ ದಾರಿ ಹಿಡಿದು ಸುತ್ತಿ ಸುತ್ತಿ ಏರಿತು. ವ್ಯಾನು ಹತ್ತಿದ್ದನ್ನು ನಾನು ಹತ್ತಿದ್ದೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಊರು ಚಿತ್ರದಲ್ಲಿದ್ದ ಊರೇ ಅಲ್ಲ, ಅದರ ತಂಗಿಯಂಥದ್ದು. ಬಂಡೆಯ ಮೈಗೆ ಬಂಡೆಯಿಂದಲೇ ಕಟ್ಟಿದ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದ ಓಣಿಗಳು, ಕಲ್ಲಿನ ತೊಟ್ಟಿಗೆ ಸದಾ ಬೀಳುವ ನೀರು. ಅರ್ಧ ಮನೆಗಳ ಕಿಟಕಿ ಮುಚ್ಚಿತ್ತು. ಉಳಿದವುಗಳಲ್ಲಿ ಒಂದೊಂದು ಮುದುಕಿ. ಕೆಳಗಿನ ಕೇರಿಯಲ್ಲಿ ನಮಗೆ ಎರಡು ಮನೆ ಬಾಡಿಗೆಗೆ ಹಿಡಿದಿದ್ದರು. ಮೇಲಿನ ತುದಿಯಲ್ಲಿ ಪಾಳು ಕೋಟೆ.

ಎಲ್ಲರೂ ಓಣಿಯಲ್ಲಿ ನಿಂತು ನಿಟ್ಟುಸಿರಿಟ್ಟು, "ಎಷ್ಟು ಸೈಲೆಂಟ್!" ಎಂದು ಕೂಗಿದರು. ಆಮೇಲೆ ಆ ಮೌನವನ್ನು ಸರಿಪಡಿಸುವ ಕೆಲಸ ಶುರುವಾಯಿತು. ನೈರೋಬಿಯಿಂದ ಎರಡು ಕುಕ್ಕರ್ ಬಂದಿದ್ದವು. ಮಧ್ಯಾಹ್ನ ಒಂದಕ್ಕೆ ಅಂಗಡಿಗಳೆಲ್ಲ ಬಾಗಿಲು ಹಾಕಿದಾಗ ಬ್ಯಾಂಕಿನವರು ಮುಚ್ಚಿದ ಬಾಗಿಲಿನ ಮುಂದೆ ನಿಂತು, "ನಾಲ್ಕು ಗಂಟೆವರೆಗೂ ನಿದ್ದೆಯಂತೆ! ನಮ್ಮ ನೈರೋಬಿಯಲ್ಲಿ ಮಧ್ಯರಾತ್ರಿ ಹೋದ್ರೂ ಮೊಸರು ಸಿಗುತ್ತೆ. ಇದಕ್ಕೇ ಈ ದೇಶ ಮುಂದೆ ಬರಲಿಲ್ಲ" ಎಂದರು. ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಕಲ್ಲಿನ ಓಣಿಯಲ್ಲಿ ಆ ಸೀಟಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬಡಿದು ಮೇಲಿನ ಕೇರಿಯವರೆಗೂ ಹೋಯಿತು. ಎದುರು ಮನೆಯ ಕಿಟಕಿ ತೆರೆಯಿತು. ಅದರ ಪಕ್ಕದ್ದೂ ತೆರೆಯಿತು. ಮೂರನೆಯ ಸೀಟಿಗೆ, ವರ್ಷಗಳಿಂದ ಮುಚ್ಚಿದ್ದಂತೆ ಕಾಣುತ್ತಿದ್ದ ಒಂದು ಕಿಟಕಿಯೂ ತೆರೆಯಿತು. ಬೆಳ್ಳುಳ್ಳಿ ಒಗ್ಗರಣೆಯ ಹೊಗೆಗೆ ಮೇಲಿನ ಮಹಡಿಯ ಅಜ್ಜಿ ಕೆಮ್ಮಿದರು.

"ಅಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್" ಎಂದಳು ಮಗಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ.

"ಅನ್ನ ಬೇಡವಾ ನಿಂಗೆ?"

"ದಟ್ಸ್ ನಾಟ್ ವಾಟ್ ಐ ಸೆಡ್" ಎಂದು ತಟ್ಟೆ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಕೋಟೆಗೆ ಹೊರಟೆವು. ಕೆಳಗಿನ ಕೇರಿ ಮುಗಿಯುವಲ್ಲಿ ಒಂದು ಸಣ್ಣ ಚೌಕ, ಮರದ ಕೆಳಗೆ ಬೆಂಚು, ಬೆಂಚಿನ ಹಿಂದೆ ಉದ್ದ ಗೋಡೆ. ಗೋಡೆಯ ತುಂಬ ಅಂಟಿಸಿದ ಹಾಳೆಗಳು. ಒಂದೊಂದರಲ್ಲೂ ಒಬ್ಬ ಹಿರಿಯರ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು, ಸುತ್ತ ಕಪ್ಪು ಗೆರೆ. ನೈರೋಬಿಯ ಗೋಡೆಗಳನ್ನು ಈಗಷ್ಟೇ ಬಿಟ್ಟು ಬಂದ ಬ್ಯಾಂಕಿನವರಿಗೆ ಬಹಳ ಖುಷಿಯಾಯಿತು.

"ಇಲ್ಲೂ ಎಲೆಕ್ಷನ್ನು! ನಮ್ಮನ್ನ ಬಿಡಲ್ಲ ಇದು" ಎಂದರು. ಒಂದೊಂದು ಮುಖವನ್ನೂ ಪರೀಕ್ಷಿಸಿ, "ನೋಡಿ, ಒಬ್ಬ ಪುಂಡನೂ ಇಲ್ಲ. ಎಲ್ಲ ಎಂಬತ್ತು ದಾಟಿದವರು. ಇದು ಪ್ರಬುದ್ಧ ಪ್ರಜಾಪ್ರಭುತ್ವ. ನಮ್ಮಲ್ಲಿ ಯಾವಾಗ ಬರುತ್ತೋ" ಎಂದರು. ಅವರ ಹೆಂಡತಿಗೆ ಒಬ್ಬ ಅಜ್ಜಿ ಇಷ್ಟವಾದರು. "ಲಕ್ಷಣವಾಗಿದ್ದಾರೆ. ನನ್ನ ವೋಟು ಇವರಿಗೇ." ಬ್ಯಾಂಕಿನವರು ಒಬ್ಬ ಮೀಸೆಯ ಅಜ್ಜನ ಪಕ್ಕ ನಿಂತು, ಹೆಬ್ಬೆರಳು ಎತ್ತಿ ಸೆಲ್ಫಿ ತೆಗೆದು, 'ಗೆಲ್ಲುವ ಕುದುರೆ' ಎಂದು ಬರೆದು ಅಲ್ಲಿಂದಲೇ ನೈರೋಬಿಯ ಎಲ್ಲ ಗುಂಪುಗಳಿಗೂ ಕಳಿಸಿದರು.

ಬಾಯಮ್ಮ ಕೈಕಟ್ಟಿ ನೋಡುತ್ತಿದ್ದರು. ಅವರ ಮುಖದಲ್ಲಿ ಏನೋ ಇತ್ತು, ಆಗ ನನಗೆ ತಿಳಿಯಲಿಲ್ಲ.

ಆ ಬೆಂಚು ನೋಡಿದಾಗ ನನ್ನ ಕಾಲು ನಿಂತುಬಿಟ್ಟಿತು. ಮುಂದೆ ಕಣಿವೆ, ಹಸಿರು ಮರಗಳ ಇಳಿಜಾರು. ಸುಮ್ಮನೆ ಕೂರುವುದಕ್ಕೆಂದೇ ಹಾಕಿದ್ದಂತಿತ್ತು. ಆಗ ಮೇಲಿನಿಂದ ಗಂಟೆ ಬಾರಿಸಿತು. ತಲೆಯೆತ್ತಿ ನೋಡಿದರೆ ಕೋಟೆಯ ಪಕ್ಕದಲ್ಲೊಂದು ಚರ್ಚು.

"ನಾನು ಇಲ್ಲೇ ಇರ್ತೀನಿ. ಮೇಲೆ ಹತ್ತೋ ಹಾಗಿಲ್ಲ" ಎಂದೆ.

"ಯಾಕೆ ಮೇಡಂ? ಮಂಡಿನೋವಾ?"

"ವರ್ಷ ತುಂಬಿಲ್ಲವಲ್ಲ."

"ಅಯ್ಯೋ, ಪುರೋಹಿತರೇ ಹೇಳಿದ್ರಲ್ಲ, ದೇವಸ್ಥಾನ ಇಲ್ಲದ ಬೆಟ್ಟ ಅಂತ."

"ಮೇಲೆ ಚರ್ಚಿದೆ" ಎಂದೆ.

ನಾನು ಅಷ್ಟು ಜಾಣೆಯೆಂದು ನನಗೇ ಗೊತ್ತಿರಲಿಲ್ಲ. ಸಭೆ ಮತ್ತೆ ಸೇರಿತು, ಈ ಸಲ ಚೌಕದ ನಡುವೆ. ಚರ್ಚು ದೇವಸ್ಥಾನವೇ, ಅಲ್ಲವೇ? ಅಲ್ಲ ಎಂದರೆ ಸುಲಭವಿತ್ತು. ಆದರೆ ಬ್ಯಾಂಕಿನವರು ಪ್ರತಿ ದೀಪಾವಳಿಗೂ ದೇವನೊಬ್ಬ, ನಾಮ ಹಲವು ಎಂದು ಭಾಷಣ ಮಾಡುವವರು, ಅದೂ ಬಾಯಮ್ಮನ ಕಡೆ ಕೈ ತೋರಿಸಿ. ಈಗ ಆ ದೇವರು ಒಬ್ಬನೇ ಆಗಿದ್ದರೆ ನಾನು ಹತ್ತುವಂತಿಲ್ಲ. ನಾನು ಹತ್ತಬಹುದಾದರೆ ದೇವರು ಇಬ್ಬರಾಗುತ್ತಾರೆ. ಅವರು ಒಮ್ಮೆ ಚರ್ಚನ್ನು ನೋಡಿದರು, ಒಮ್ಮೆ ಬಾಯಮ್ಮನನ್ನು ನೋಡಿದರು.

"ಬೇಗ ಹೇಳಿ ಮಾರಾಯ್ರೆ. ಒಳಗಿದ್ದಾನೋ ಇಲ್ಲವೋ? ನಾನೂ ಮೊಂಬತ್ತಿ ಹಚ್ಚುವವಳು" ಎಂದರು ಬಾಯಮ್ಮ.

"ಇದ್ದಾನೆ, ಇದ್ದಾನೆ" ಎಂದು ಬ್ಯಾಂಕಿನವರು ಒಪ್ಪಿದರು. "ಹಾಗಾದ್ರೆ ಮೇಡಂ ಇಲ್ಲೇ ಇರಲಿ. ಆದ್ರೆ ಒಬ್ಬರನ್ನೇ ಬಿಡೋದು ಹೇಗೆ?"

"ನಾನು ಕೂರ್ತೀನಿ ಅಕ್ಕನ ಜೊತೆ" ಎಂದು ಅವರ ಹೆಂಡತಿ ಆಗಲೇ ಬೆಂಚಿನ ಧೂಳು ಒರೆಸತೊಡಗಿದ್ದರು.

"ನೀವು ಹೋಗಿ. ನಾನು ಇದ್ದೇನೆ" ಎಂದರು ಬಾಯಮ್ಮ. ಅವರೆಲ್ಲ ತಿರುವಿನಲ್ಲಿ ಮರೆಯಾಗುವವರೆಗೆ ಸುಮ್ಮನೆ ನಿಂತಿದ್ದರು. ಮಗಳು ತಿರುಗಿ ತಿರುಗಿ ನೋಡುತ್ತಾ ಹೋದಳು. ಆಮೇಲೆ ಬಾಯಮ್ಮ ಸೆರಗು ಸರಿಮಾಡಿಕೊಂಡು, "ಇನ್ನೊಂದು ದಾರಿ ಉಂಟಂತೆ ಚರ್ಚಿಗೆ. ನಾನು ನಿಧಾನ ಹೋಗ್ತೇನೆ. ನೀವು ಎಂತ ಮಾಡ್ಬೇಕೋ ಮಾಡಿ" ಎಂದರು.

"ಬಾಯಮ್ಮ, ನಿಮಗೆ ಹೇಗೆ ಗೊತ್ತಾಯ್ತು?"

"ನನ್ನ ಗಂಡ ಸತ್ತಾಗಲೂ ಮನೆ ತುಂಬ ಜನ ಇದ್ದರು. ರೋಜರಿ ಜಪ ಮುಗಿದ ಕೂಡ್ಲೇ ಇನ್ನೊಂದು ರೋಜರಿ. ಕೊನೆಗೆ ಡ್ಯೂಟಿಗೆ ಹೋಗಿ, ಬ್ಯಾಂಡೇಜು ಇಡುವ ಕೋಣೆಯ ಬಾಗಿಲು ಹಾಕಿ ಅತ್ತದ್ದು ನಾನು." ಎರಡು ಹೆಜ್ಜೆ ಹೋದವರು ತಿರುಗಿ ಗೋಡೆಯ ಕಡೆ ಗದ್ದ ಎತ್ತಿದರು. "ಮತ್ತೆ, ಅದು ಎಲೆಕ್ಷನ್ ಅಲ್ಲ. ಎಲ್ಲ ಸತ್ತವರು. ಊರಿಗೆ ತಿಳೀಲಿಕ್ಕೆ ಅಂಟಿಸ್ತಾರೆ. ಮೇಲೆ ಸಣ್ಣ ಶಿಲುಬೆ ಉಂಟಲ್ಲ, ನೋಡಿ."

"ಮೊದಲೇ ಹೇಳಬಾರದಿತ್ತಾ? ಅವರು ಫೋಟೋ ಕಳಿಸಿಬಿಟ್ರಲ್ಲ!"

"ಅವರು ನನಗೆ ಸುಮ್ನಿರಿ ಅಂದಿದ್ದಾರಲ್ಲ" ಎಂದು ಹೇಳಿ ಬಾಯಮ್ಮ ಹೋದರು.

ಅಂತೂ ಒಬ್ಬಳೇ ಆದೆ. ಬೆಂಚಿನ ಮೇಲೆ ಕೂತೆ. ಕರ್ಚೀಫು ಕೈಯಲ್ಲಿ ಹಿಡಿದುಕೊಂಡೆ. ನನ್ನ ಬೆನ್ನ ಹಿಂದೆ ಊರಿನ ಸತ್ತವರೆಲ್ಲ ಸಾಲಾಗಿ ನಗುತ್ತಿದ್ದರು. ಇವರ ಮುಖ ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದೆ. ಇವರು ಬಂದರು, ದವಡೆ ಊದಿಸಿಕೊಂಡೇ ಬಂದರು. ಎದೆಯಲ್ಲಿ ಏನೋ ಸಡಿಲವಾಗುವಂತಾಯಿತು.

"ಮೇಡಂ! ಓಕೆನಾ?"

ಕಣ್ಣು ಬಿಟ್ಟೆ. ನೇರ ತಲೆಯ ಮೇಲೆ, ಕೋಟೆಯ ಗೋಡೆಯಂಚಿನಲ್ಲಿ ಬ್ಯಾಂಕಿನವರು ಎರಡೂ ಕೈ ಬೀಸುತ್ತಿದ್ದರು. ಓಕೆ ಎಂದು ಕೈಬೀಸಿದೆ. ಮತ್ತೆ ಕಣ್ಣು ಮುಚ್ಚಿದೆ.

"ಅಕ್ಕಾ! ಬಿಸ್ಕತ್ತು ಬ್ಯಾಗಿನ ಸೈಡಲ್ಲಿದೆ! ತಿನ್ನಿ!"

ಬಿಸ್ಕತ್ತನ್ನು ಎತ್ತಿ ತೋರಿಸಿದೆ. ಅಷ್ಟು ಶತಮಾನಗಳ ಹಿಂದೆ ಶತ್ರುಗಳನ್ನು ಕಾಯಲು ಕಟ್ಟಿದ ಕೋಟೆ, ಕಡೆಗೆ ನನ್ನನ್ನು ಕಾಯುವುದಕ್ಕೆ ಉಪಯೋಗಕ್ಕೆ ಬಂತು. ಐದೈದು ನಿಮಿಷಕ್ಕೊಮ್ಮೆ ಮೇಲಿನಿಂದ ಒಂದು ತಲೆ ಇಣುಕುತ್ತಿತ್ತು. ನಾನು ಕೈಬೀಸುತ್ತಿದ್ದೆ.

ನಡುವೆ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಚೀಲ ಹಿಡಿದು ಬಂದಳು. ಗೋಡೆಯ ಮುಂದೆ ನಿಂತು, ಮೀಸೆಯ ಅಜ್ಜನ ಹಾಳೆಯ ಮೂಲೆ ಮೇಲೆದ್ದಿದ್ದನ್ನು ಅಂಗೈಯಿಂದ ಒತ್ತಿ ಕೂರಿಸಿದಳು. ಅವನಿಗೆ ಏನೋ ಹೇಳಿದಳು. ಪ್ರಾರ್ಥನೆಯಂತೆ ಕೇಳಲಿಲ್ಲ, ಬೈದ ಹಾಗಿತ್ತು. ನನ್ನ ಕಡೆ ತಲೆಯಾಡಿಸಿ ತನ್ನ ದಾರಿ ಹಿಡಿದಳು. ಅವಳ ಹಿಂದೆ ಯಾರೂ ಇರಲಿಲ್ಲ. ಯಾರೂ ಡಬ್ಬಿ ಹಿಡಿದಿರಲಿಲ್ಲ. ನನಗೆ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು. ಸತ್ತ ಗಂಡನಿಗೆ ಬೈಯುವಷ್ಟು ಬಿಡುವಾದರೂ ಅವಳಿಗಿತ್ತು.

ಮೇಲಿನವರು ಇಳಿದು ಬಂದಾಗ ಬಾಯಮ್ಮನೂ ಜೊತೆಗಿದ್ದರು. ಪೋಸ್ಟರಿನ ವಿಷಯ ದಾರಿಯಲ್ಲೇ ಹೇಳಿದ್ದರೆಂದು ಬ್ಯಾಂಕಿನವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವರು ಫೋನಿನಿಂದ ಸೆಲ್ಫಿಯನ್ನು ಅಳಿಸಲು ಪರದಾಡುತ್ತಿದ್ದರು. ಆಗಲೇ ನೈರೋಬಿಯಿಂದ ಇಪ್ಪತ್ತು ಜನ ಗೆಲ್ಲುವ ಕುದುರೆಗೆ ಶುಭಾಶಯ ಹೇಳಿದ್ದರು. ಒಬ್ಬರು ಹಾರದ ಚಿತ್ರ ಹಾಕಿದ್ದರು. ಅದೊಂದು ಸರಿಯಾಗಿತ್ತು.

ಎಲ್ಲರೂ ಗೋಡೆಯ ಮುಂದೆ ಸಾಲಾಗಿ ನಿಂತು ಕೈಮುಗಿದರು. ಆಮೇಲೆ ಬ್ಯಾಂಕಿನವರ ಹೆಂಡತಿ ಮೆಲ್ಲಗೆ, "ಮುಟ್ಟಿದ್ದೀವಲ್ರೀ... ಸ್ನಾನ ಮಾಡ್ಬೇಕಾ?" ಎಂದರು. ಪುರೋಹಿತರಿಗೆ ಫೋನ್ ಸಿಗಲಿಲ್ಲ. ಸಿಗದಿದ್ದಾಗ ಮಾಡುವುದೇ ಕ್ಷೇಮವೆಂದಾಯಿತು. ಎರಡು ಮನೆಯ ಬಿಸಿನೀರು ಮೂರನೆಯವರಿಗೇ ಮುಗಿಯಿತು. ಉಳಿದವರು ಆ ಬೆಟ್ಟದ ತಣ್ಣೀರಿನಲ್ಲಿ ನಡುಗುತ್ತಾ ತಲೆಗೆ ಸ್ನಾನ ಮಾಡಿದರು. ನನ್ನ ಗಂಡನಿಗೂ ಅಷ್ಟು ಶ್ರದ್ಧೆಯಿಂದ ಯಾರೂ ತಲೆಗೆ ನೀರು ಹಾಕಿಕೊಂಡಿರಲಿಲ್ಲ.

ಉಳಿದ ದಿನಗಳಲ್ಲಿ ನನಗೆ ಬೆಂಚು ಸಿಗಲಿಲ್ಲ. ಒಂದು ಮಧ್ಯಾಹ್ನ ಅಂತ್ಯಾಕ್ಷರಿ ಆಡಿದೆವು.

ನೈರೋಬಿಗೆ ಬಂದ ಮೊದಲ ಭಾನುವಾರ ಬ್ಯಾಂಕಿನವರ ಮನೆಯಲ್ಲಿ ಫೋಟೋ ಪ್ರದರ್ಶನ. ಇಟಲಿಗೆ ಬರದ ಮನೆಗಳವರೂ ಬಂದಿದ್ದರು. ಚುನಾವಣೆಯ ಗಲಾಟೆ ಇನ್ನೂ ಬಿಸಿಯಾಗಿತ್ತು, ಸೋಮವಾರ ಮಟಾಟು ವ್ಯಾನುಗಳು ಓಡುತ್ತವೆಯೋ ಇಲ್ಲವೋ ಎಂದು ಒಂದಷ್ಟು ಮಾತಾಯಿತು. ಆಮೇಲೆ ಟಿ.ವಿ.ಗೆ ಲ್ಯಾಪ್‌ಟಾಪ್ ಸಿಕ್ಕಿಸಿದರು. ಮೊದಲ ಚಿತ್ರದ ಮೇಲೆ ಬರೆದಿತ್ತು: 'ಒಂದು ಕೊನೆಯ ಆಸೆಯ ಪಯಣ'. ಹಿಂದೆ ಕೊಳಲು. ನಾನು ಬೆಂಚಿನ ಮೇಲೆ ಕೂತು ಬಿಸ್ಕತ್ತು ಎತ್ತಿ ಹಿಡಿದ ಚಿತ್ರ ಬಂದಾಗ ಬ್ಯಾಂಕಿನವರು ಎದ್ದು ಟಿ.ವಿ.ಯ ಪಕ್ಕ ನಿಂತರು. "ಅವರ ಜಾಗದಲ್ಲಿ ಮೇಡಂ ಕೂತು, ಅವರ ಆಸೆ ಪೂರೈಸಿದ ಕ್ಷಣ ಇದು" ಎಂದರು. ನಾಲ್ಕೈದು ಜನ ಕಣ್ಣೊರೆಸಿಕೊಂಡರು. ಎಲ್ಲರೂ ಅತ್ತು ಮುಗಿಸುವುದನ್ನು ನಾನು ಕಾಯುತ್ತಿದ್ದೆ. ಹತ್ತು ತಿಂಗಳಿಂದ ಅದನ್ನೇ ಮಾಡುತ್ತಿದ್ದೆ ಎಂದು ಆಗ ಹೊಳೆಯಿತು.

"ಅದು ಅವರ ಕೊನೆ ಆಸೆ ಅಲ್ಲ" ಎಂದೆ.

ಕೊಳಲು ನಿಂತಿತು. ಬ್ಯಾಂಕಿನವರು ನಿಲ್ಲಿಸಿದ್ದಲ್ಲ, ಅದೇ ಮುಗಿದಿತ್ತು.

"ಅವರಿಗೆ ಹಲ್ಲು ನೋಯ್ತಿತ್ತು, ಒಂದು ಮಾತು ಹೇಳಿದ್ರು ಅಷ್ಟೆ. ಕೊನೆಗೆ ಕೇಳಿದ್ದು ಟಿ.ವಿ. ಸೌಂಡ್ ಕಮ್ಮಿ ಮಾಡು ಅಂತ."

ಯಾರೋ ಗಾಬರಿಯಿಂದ ರಿಮೋಟ್ ತೆಗೆದು ನಿಜವಾಗಿಯೂ ಸೌಂಡ್ ಕಡಿಮೆ ಮಾಡಿದರು.

"ನಿಮಗೆಲ್ಲ ಒಂದು ಮಾತು ಹೇಳಬೇಕು. ನಾಳೆಯಿಂದ ಊಟ ತರಬೇಡಿ. ಮಲಗೋಕೂ ಯಾರೂ ಬರಬೇಡಿ. ಸ್ವಲ್ಪ ದಿನ ನಮ್ಮನೆಗೆ ಯಾರೂ ಬರೋದು ಬೇಡ."

ಬ್ಯಾಂಕಿನವರ ಹೆಂಡತಿಯ ಮುಖ ಸಣ್ಣದಾಯಿತು. "ನಾವೇನು ತಪ್ಪು ಮಾಡಿದ್ವಿ ಅಕ್ಕಾ?"

ಈ ಪ್ರಶ್ನೆಗೆ ಹೆದರಿಯೇ ಇಷ್ಟು ದಿನ ಸುಮ್ಮನಿದ್ದೆ. ಅವರ ಕೈಯನ್ನು ಹಿಡಿದುಕೊಂಡೆ. ಅದರಲ್ಲಿ ಈರುಳ್ಳಿಯ ವಾಸನೆಯಿತ್ತು. ಮರುದಿನ ನಮ್ಮ ಮನೆಗೆ ತರಬೇಕಾದ ಸಾಗುವಿಗೆ ಆಗಲೇ ಹೆಚ್ಚಿಟ್ಟು ಬಂದಿದ್ದರು.

"ಏನೂ ತಪ್ಪಿಲ್ಲ. ನೀವಿಲ್ದಿದ್ರೆ ನಾವಿಬ್ಬರೂ ಉಪವಾಸ ಬೀಳ್ತಿದ್ವಿ. ಈಗ ಸ್ವಲ್ಪ ಬೀಳ್ಬೇಕು" ಎಂದೆ.

"ಮೇಡಂ ಇನ್ನೂ ಶಾಕ್‌ನಲ್ಲಿದ್ದಾರೆ" ಎಂದು ಬ್ಯಾಂಕಿನವರು ಎಲ್ಲರಿಗೂ ವಿವರಿಸಿದರು. "ಇವರಿಗೆ ಇನ್ನಷ್ಟು ಸಪೋರ್ಟ್ ಬೇಕು."

"ಬಿಡಿ ಮಾರಾಯ್ರೆ. ಅವರ ಗಂಡ, ಅವರ ಅಳು. ನಮ್ಮದು ಎಂತ ಅದರಲ್ಲಿ?" ಎಂದು ಬಾಯಮ್ಮ ಎದ್ದು ಚಪ್ಪಲಿ ಹುಡುಕಿದರು.

ಮರುದಿನ ಮಗಳು ಶಾಲೆಗೆ ಹೋದಳು. ನಾನು ಕೆಲಸಕ್ಕೆ ಬರುವುದಿಲ್ಲವೆಂದು ಹೇಳಿ ಕಳಿಸಿದೆ. ಹತ್ತು ಗಂಟೆಗೆ ಯಾರೂ ಬರಲಿಲ್ಲ. ಹನ್ನೊಂದಕ್ಕೂ ಬರಲಿಲ್ಲ. ಬೀರುವಿನ ಮೇಲಿನ ಫೋಟೋ ಇಳಿಸಿ ಒರೆಸಿದೆ. ಅವರ ಹಳೆಯ ಶರಟೊಂದು ಒಗೆಯುವ ಬಟ್ಟೆಯ ಬುಟ್ಟಿಯ ತಳದಲ್ಲಿ ಅಷ್ಟು ತಿಂಗಳಿಂದ ಬಿದ್ದಿತ್ತು. ಅಷ್ಟೊಂದು ಜನ ಅಷ್ಟೊಂದು ಸಲ ಮನೆ ಓರಣ ಮಾಡಿದ್ದರೂ ಅದೊಂದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೊರಳಪಟ್ಟಿಯಲ್ಲಿ ಕೊಳೆ ಇತ್ತು. ಅದನ್ನು ನೋಡಿದೆ. ನೆಲದ ಮೇಲೆ ಕೂತೆ. ಅವರಿಗೆ ಮೊದಲು ಬೈದೆ. ಇಷ್ಟು ಜನರ ಕೈಗೆ ನನ್ನನ್ನು ಕೊಟ್ಟು ಹೋದಿರಲ್ಲ ಎಂದು ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಅಳು ಬಂತು. ಅದು ಚೆನ್ನಾಗಿರಲಿಲ್ಲ, ನೋಡುವಂತೆಯೂ ಇರಲಿಲ್ಲ. ಮೂಗು ಸುರಿಯಿತು, ಗಂಟಲಿನಿಂದ ದನದಂಥ ಸದ್ದು ಬಂತು. ಒಮ್ಮೆ ನಿಂತು, ಮತ್ತೆ ಶುರುವಾಯಿತು.

ಮಗಳು ಬಂದು ತನ್ನ ಬೀಗದ ಕೈಯಿಂದ ಬಾಗಿಲು ತೆರೆದಾಗಲೂ ನಾನು ಅಲ್ಲೇ ಇದ್ದೆ. ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು, ಶರಟನ್ನು ನೋಡಿದಳು. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಆ ಬಾಗಿಲಿನ ಹಿಂದಿನಿಂದಲೂ ಅಳು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ನನ್ನಷ್ಟೇ ಜೋರಾಗಿ. ನನ್ನ ಕಾಲು ಅಭ್ಯಾಸದಿಂದ ಎದ್ದಿತು. ಅದನ್ನು ಮಡಚಿ ಕೂತೆ. ಹೋಗಲಿಲ್ಲ.

ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಸಿಕ್ಕೆವು. ಅವಳ ಕಣ್ಣು ಊದಿತ್ತು.

"ಅಮ್ಮಾ, ವಾಟ್ಸ್ ಫಾರ್ ಡಿನ್ನರ್?"

"ಏನೂ ಇಲ್ಲ" ಎಂದೆ.

ಅವಳು ಊಟದ ಡಬ್ಬಿಗಳನ್ನೆಲ್ಲ ತೆರೆದು ನೋಡಿ, ನಿಜವಾಗಿಯೂ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಕ್ಕಿ ತೊಳೆಯಲು ಪಾತ್ರೆ ತೆಗೆದುಕೊಂಡಳು.